ಹೆಣ್ಣು ನೋಡಲು ಬಂದವರು ಬಿಟ್ಟುಹೋದ ಬೆಂಕಿ

ನಮ್ಮ ಊರಿನಲ್ಲಿ ಬಯಲಲ್ಲಿ ಹಚ್ಚಿದ ಬೆಂಕಿಯನ್ನು ಹಚ್ಚಿದವರೇ ಆರಿಸಬೇಕು. ಬೇರೆಯವರು ಎಷ್ಟು ಕೊಡ ನೀರು ಸುರಿದರೂ ಅದು ಒಂದು ಸಲ ಬುಸ್ ಎಂದು ಮತ್ತೆ ಹತ್ತಿಕೊಳ್ಳುತ್ತದೆ. ಅಡುಗೆಮನೆಯ ಒಲೆಗೆ, ದೇವರ ದೀಪಕ್ಕೆ ಈ ಹಟವಿಲ್ಲ. ತಲೆಯೆತ್ತಿದರೆ ಆಕಾಶ ಕಾಣುವ ಜಾಗದಲ್ಲಿ ಹಚ್ಚಿದ್ದಕ್ಕೆ ಮಾತ್ರ. ಸೌದೆ ಹಾಕದೆ ಬಿಟ್ಟರೆ ತಾನೇ ಆರೀತು ಅಂದುಕೊಳ್ಳುವ ಹಾಗಿಲ್ಲ, ಅದು ಸೌದೆ ಹುಡುಕಿಕೊಂಡು ಹೊರಟುಬಿಡುತ್ತದೆ. ಹಾಗಾಗಿ ಇಲ್ಲಿ ಎಲ್ಲರ ಮನೆಯ ಹಿತ್ತಲಲ್ಲೂ ಮೊಣಕಾಲುದ್ದದ ಒಂದು ಗುಂಡಿ, ಸುತ್ತ ಕಲ್ಲು, ಪಕ್ಕದಲ್ಲಿ ಮರಳಿನ ಗುಡ್ಡೆ, ಒಂದು ಡ್ರಮ್ಮು ನೀರು, ಅದರಲ್ಲಿ ನೆನೆಯುವ ಗೋಣಿಚೀಲ ಇರುತ್ತವೆ. ಚಳಿ ಕಾಯಿಸಲು ಬೆಂಕಿ ಹಚ್ಚಿದವರನ್ನು ಯಾರೂ ಎಲ್ಲಿಗೂ ಕರೆಯುವುದಿಲ್ಲ. ‘ಬೆಂಕಿ ಹಚ್ಚಿದ್ದೀನಿ’ ಎಂದರೆ ಸಾಕು, ಕೆಲಸ ಹೇಳಲು ಬಂದವರು ಸುಮ್ಮನೆ ಒಂದು ಕಲ್ಲಿನ ಮೇಲೆ ಕೂತು ತಾವೂ ಕೈ ಕಾಯಿಸಿಕೊಳ್ಳುತ್ತಾರೆ. ಹೊರಗಿನಿಂದ ನೆಂಟರು ಬಂದರೆ ಕಾಲಿಗೆ ನೀರು ಕೊಡುವಾಗಲೇ ಈ ವಿಷಯ ಹೇಳಿಬಿಡುವುದು ವಾಡಿಕೆ.

ಗುರುಮಲ್ಲೇಶನಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಅವನು ನನ್ನನ್ನು ನೋಡಲು ಬಂದಿದ್ದ ಹುಡುಗ. ಬಸ್ಸಿನಲ್ಲಿ ಅರ್ಧ ದಿನದ ದಾರಿಯ ಒಂದು ಊರಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸ. ಜೊತೆಗೆ ಅವನ ತಾಯಿ, ಸೋದರಮಾವ ಚನ್ನಂಜಪ್ಪ ಬಂದಿದ್ದರು. ಅವ್ವ ಹೇಳಿರುತ್ತಾಳೆ ಎಂದು ಅಪ್ಪ ಅಂದುಕೊಂಡರು, ಅಜ್ಜಿ ಹೇಳಿರುತ್ತಾಳೆ ಎಂದು ಅವ್ವ ಅಂದುಕೊಂಡಳು. ಅಜ್ಜಿ ಹುಡುಗನ ಕಿವಿ, ಹಲ್ಲು, ನಡಿಗೆ ನೋಡುವುದರಲ್ಲೇ ಮೈಮರೆತಿದ್ದಳು. ನನಗಾಗ ಮೂವತ್ತು ದಾಟಿತ್ತು. ಬಸ್‌ಸ್ಟ್ಯಾಂಡಿನ ಎದುರಿನ ಔಷಧಿ ಅಂಗಡಿ ನನ್ನದು. ನೋಡಿ ಹೋದವರು ಆಗಲೇ ಬೇಕಾದಷ್ಟು ಜನ ಇದ್ದುದರಿಂದ ನನ್ನ ಎದೆಯೇನೂ ಹೊಡೆದುಕೊಳ್ಳುತ್ತಿರಲಿಲ್ಲ. ಕೇಸರಿಬಾತಿಗೆ ದ್ರಾಕ್ಷಿ ಸಾಲದೇ ಬಂತಲ್ಲ ಎಂಬುದೇ ಆ ಹೊತ್ತಿನ ನನ್ನ ಚಿಂತೆ.

ತಿಂಡಿಯಾದ ಮೇಲೆ ಅವನ ತಾಯಿ, “ಹುಡುಗ್ರು ಎರಡು ಮಾತಾಡ್ಲಿ ಬಿಡಿ,” ಎಂದರು. ಇಬ್ಬರೂ ಹಿತ್ತಲಿಗೆ ಹೋದೆವು. ಸೂರ್ಯ ಇಳಿಯುತ್ತಿದ್ದ, ಮಾಗಿಯ ಚಳಿ. ಅವನು ತೆಳ್ಳನೆಯ ಅಂಗಿ ಹಾಕಿಕೊಂಡು ಬಂದಿದ್ದ. ಕೂರಲು ಕುರ್ಚಿ ತರುತ್ತೇನೆಂದು ನಾನು ಒಳಗೆ ಹೋಗಿ ಬರುವಷ್ಟರಲ್ಲಿ ಅವನು ಗುಂಡಿಯಲ್ಲಿ ಸಣ್ಣ ಪುಳ್ಳೆಗಳನ್ನು ಗುಡಿಸಲಿನ ಹಾಗೆ ನಿಲ್ಲಿಸಿ, ಸುತ್ತ ದಪ್ಪ ಸೌದೆ ಒರಗಿಸಿ, ಒಂದೇ ಕಡ್ಡಿಗೆ ಹೊತ್ತಿಸಿಬಿಟ್ಟಿದ್ದ.

“ಅಯ್ಯೋ, ಹಚ್ಚಿಬಿಟ್ರಾ?” ಎಂದೆ.

“ಹಚ್ಚಬಾರದಿತ್ತಾ? ಗುಂಡಿ ಇತ್ತು, ಸೌದೆ ಇತ್ತು, ತೆಂಗಿನ ಚಿಪ್ಪಿನೊಳಗೆ ಬೆಂಕಿಪೊಟ್ಟಣಾನೂ ಇತ್ತು. ಬಂದೋರಿಗೇ ಅಂತ ಇಟ್ಟಿದ್ದೀರೇನೋ ಅಂದ್ಕೊಂಡೆ.”

“ಹಚ್ಚಿದ್ದಕ್ಕೇನಿಲ್ಲ. ಹೊರಡೋವಾಗ ನೀವೇ ಆರಿಸಿ ಹೋಗಬೇಕು. ಬೇರೆಯವರು ಆರಿಸಿದ್ರೆ ನಮ್ಮೂರಲ್ಲಿ ಆರಲ್ಲ.”

ಅವನು ನಕ್ಕ. “ಆಗ್ಲಿ, ಆರಿಸೇ ಹೋಗ್ತೀನಿ,” ಎಂದ.

ನಾನು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡೆ. ಗಾಳಿ ಬರುವ ಕಡೆಗೆ ಬೆನ್ನು ಮಾಡಿ ಕೂರಲು ಅವನಿಗೆ ಹೇಳಿದೆ. ಹಾಲಿಗೆ ನೀರು ಬೆರೆಸಿದ್ದು ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ. ಉಪಕರಣ ಹೇಳುವುದಕ್ಕಿಂತ ಮೊದಲೇ ತಂದವರ ಮುಖ ಹೇಳುತ್ತದೆ ಎಂದ. ನಮ್ಮ ಅಂಗಡಿಯಲ್ಲಿ ಹೆಚ್ಚು ಖರ್ಚಾಗುವ ಔಷಧಿ ಯಾವುದು ಎಂದು ಅವನು ಕೇಳಿದ. ಸುಟ್ಟಗಾಯದ ಮುಲಾಮು ಇರಬಹುದೆಂದು ಅವನು ಊಹಿಸಿದ್ದ. ಅಲ್ಲ, ನಮ್ಮ ಊರಿನವರು ಅದನ್ನು ಕೊಳ್ಳುವುದೇ ಅಪರೂಪ, ಗ್ಯಾಸ್ಟ್ರಿಕ್ ಮಾತ್ರೆಯೇ ಹೆಚ್ಚು ಎಂದೆ. ಇಬ್ಬರಿಗೂ ನಗು ಬಂತು. ನೋಡಲು ಬಂದವರ ಎದುರು ನಾನು ಹಲ್ಲು ಬಿಟ್ಟು ನಕ್ಕದ್ದು ಅದೇ ಮೊದಲು.

ಅಷ್ಟರಲ್ಲಿ ಒಳಗೆ ಧ್ವನಿ ಏರಿತು. ಚನ್ನಂಜಪ್ಪನವರು, “ಮದ್ವೆ ಆದ್ಮೇಲೆ ಅಂಗಡಿಗಿಂಗಡಿ ಎಲ್ಲ ಮುಚ್ಚಿಬಿಡ್ಬೇಕು. ನಮ್ಮನೆ ಸೊಸೆ ಕಂಡಕಂಡೋರಿಗೆ ಮಾತ್ರೆ ಎಣಿಸಿಕೊಂಡು ನಿಲ್ಲೋದು ಬ್ಯಾಡ,” ಎಂದಿದ್ದರು. ಅಪ್ಪ, “ಅಂಗಡಿ ಅವಳು ಕಟ್ಟಿದ್ದು. ಮುಚ್ಚು ಅನ್ನೋಕೆ ನಾನೇ ಯಾರು? ನೀವ್ಯಾರು?” ಎಂದರು. ಅಷ್ಟೇ ಮಾತು. ಚನ್ನಂಜಪ್ಪನವರು ಕಾಫಿ ಲೋಟವನ್ನು ದೂರ ತಳ್ಳಿ ಎದ್ದರು, ಹಿತ್ತಲ ಬಾಗಿಲಿಗೆ ಬಂದು ಅಳಿಯನ ರಟ್ಟೆ ಹಿಡಿದು ನಡೆಸಿಕೊಂಡೇ ಹೋದರು. ಅವನು ತಿರುಗಿ ತಿರುಗಿ ನೋಡಿದ. ಅವನ ತಾಯಿ ತಲೆ ತಗ್ಗಿಸಿಕೊಂಡು ಹಿಂದೆ ಹೋದರು. ಅವರು ಬಂದಿದ್ದ ಕಾರು ಹೊರಟುಹೋಯಿತು. ನಾವು ಮನೆಯವರೆಲ್ಲ ಹಿತ್ತಲಿಗೆ ಬಂದು ನಿಂತೆವು. ಬೆಂಕಿ ಚೆನ್ನಾಗಿ ಹತ್ತಿಕೊಂಡಿತ್ತು.

ಅಜ್ಜಿ ಸುಮ್ಮನೆ ನೋಡೋಣವೆಂದು ಒಂದು ಚೊಂಬು ನೀರು ಎರಚಿದಳು. ಬುಸ್ ಎಂದು ಹೊಗೆ ಎದ್ದು, ಮತ್ತೆ ಉರಿಯಿತು.

“ಸರಿಹೋಯ್ತು. ಹುಡುಗ ಹೋದ, ಬೆಂಕಿ ಉಳೀತು,” ಎಂದಳು.

ಮಾರನೆಯ ದಿನ ಅವ್ವ ಅವರ ಮನೆಗೆ ಫೋನು ಮಾಡಿದಳು. ಎತ್ತಿದವರು ಚನ್ನಂಜಪ್ಪನವರೇ. ವಿಷಯ ಕೇಳಿ ಅವರು ನಕ್ಕ ಸದ್ದು ನಡುಮನೆಯಲ್ಲಿ ನಿಂತಿದ್ದ ನನಗೂ ಕೇಳಿಸಿತು. “ಬೆಂಕಿ ಆರಿಸೋಕೆ ನಮ್ಮ ಹುಡುಗನೇ ಬೇಕಾ? ಹುಡುಗನ್ನ ವಾಪಸ್ ಕರೆಸೋಕೆ ಇನ್ನೂ ಒಳ್ಳೇ ನೆಪ ಹುಡುಕಮ್ಮ,” ಎಂದು ಇಟ್ಟುಬಿಟ್ಟರು. ಅವ್ವನ ಮುಖ ಕೆಂಪಾಯಿತು. ಇನ್ನು ಮೇಲೆ ಆ ಮನೆಗೆ ಯಾರೂ ಫೋನು ಮಾಡಕೂಡದು ಎಂದು ಅಪ್ಪ ಹೇಳಿದರು. “ಉರೀಲಿ. ನಮ್ಮ ಹಿತ್ತಲಲ್ಲಿ ನಾವು ಸಾಕ್ಕೊತೀವಿ,” ಎಂದರು.

ಹಾಗೆ ನಾವು ಬೆಂಕಿ ಸಾಕಲು ಶುರುಮಾಡಿದೆವು. ಗುಂಡಿಯ ಮೇಲೆ ಬಾಗಿದ್ದ ನುಗ್ಗೆಕೊಂಬೆಯನ್ನು ಅಪ್ಪ ಕಡಿದರು. ಬಟ್ಟೆ ಒಣಹಾಕುವ ತಂತಿಯನ್ನು ಮುಂದಿನ ಜಗಲಿಗೆ ಕಟ್ಟಿದೆವು. ಒಣಗಿದ ತೆಂಗಿನ ಗರಿ, ಹಳೇ ಚಾಪೆ, ಸೀಮೆಎಣ್ಣೆ ಡಬ್ಬ ಎಲ್ಲ ಮನೆಯ ಮುಂಭಾಗಕ್ಕೆ ಹೋದವು. ಸುತ್ತಲಿನ ಹುಲ್ಲನ್ನು ಅವ್ವ ಕೆರೆದು ಬರೀ ಮಣ್ಣು ಮಾಡಿದಳು. ತೀರ ಕಡಿಮೆ ಸೌದೆ ಹಾಕಿದರೆ ಬೆಂಕಿ ಕಲ್ಲಿನ ಸಂದಿಯಿಂದ ಆಚೆ ಇಣುಕುತ್ತಿತ್ತು, ಜಾಸ್ತಿ ಹಾಕಿದರೆ ಕಿಡಿ ಹಾರಿಸುತ್ತಿತ್ತು. ಎರಡು ಕೊರಡು, ಅವು ಕೆಂಡವಾದ ಮೇಲೆ ಇನ್ನೆರಡು; ಅಷ್ಟಕ್ಕೆ ಅದು ಮೊಣಕಾಲಿಗಿಂತ ಮೇಲೇಳದೆ ತೆಪ್ಪಗಿರುತ್ತಿತ್ತು. ಹಗಲು ಅಜ್ಜಿ, ರಾತ್ರಿ ಅಪ್ಪ ಮತ್ತು ಅವ್ವ, ಸಂಜೆ ಅಂಗಡಿ ಮುಚ್ಚಿ ಬಂದ ಮೇಲೆ ನಾನು. ಒಬ್ಬರು ಎದ್ದು ಹೋಗಬೇಕಾದರೆ ಇನ್ನೊಬ್ಬರು ಬಂದು ಕೂರಬೇಕು, ಕೂತಿದ್ದನ್ನು ಕಣ್ಣಲ್ಲಿ ನೋಡಿದ ಮೇಲೇ ಮೊದಲಿನವರು ಏಳಬೇಕು.

ಮೊದಲು ನಮ್ಮನ್ನು ಕಂಡು ಅಯ್ಯೋ ಪಾಪ ಎಂದ ಬೀದಿಯವರು ಬರಬರುತ್ತಾ ಸಂಜೆ ಹೊತ್ತು ನಮ್ಮ ಹಿತ್ತಲಿಗೇ ಬರತೊಡಗಿದರು. ಹೇಗಿದ್ದರೂ ಉರಿಯುತ್ತಿರುವ ಬೆಂಕಿ. ಬಂದು ಕೂತು, ಬೇಕಾದಾಗ ಎದ್ದು ಹೋಗಬಹುದು, ಆರಿಸುವ ಜವಾಬ್ದಾರಿ ಯಾರಿಗೂ ಇಲ್ಲ. ನಮ್ಮ ಊರಿನವರಿಗೆ ಅಂಥ ಸುಖ ಅದುವರೆಗೆ ಗೊತ್ತೇ ಇರಲಿಲ್ಲ. ಪಕ್ಕದ ಮನೆಯ ದಸ್ತಗೀರ್ ಸಾಬರು ದಿನಾ ಬರುತ್ತಿದ್ದರು. ಅವರದು ಹತ್ತಿಯ ಹಾಸಿಗೆ ಹೊಲಿಯುವ ಕೆಲಸ. ಮನೆಯಲ್ಲಿ ಹತ್ತಿ ರಾಶಿ ಬಿದ್ದಿರುತ್ತಿದ್ದರಿಂದ ಅವರು ತಮ್ಮ ಹಿತ್ತಲಲ್ಲಿ ಜನ್ಮದಲ್ಲೇ ಬೆಂಕಿ ಹಚ್ಚಿದವರಲ್ಲ. ಮಂಡಿನೋವಿಗೆ ನನ್ನ ಅಂಗಡಿಯಿಂದ ಎಣ್ಣೆ ಕೊಳ್ಳುತ್ತಿದ್ದವರು, ಈಗ ಮಂಡಿಯನ್ನು ಬೆಂಕಿಯ ಕಡೆ ಚಾಚಿ, “ನಿಮ್ಮ ಎಣ್ಣೆ ವ್ಯಾಪಾರ ಹೋಯ್ತು ಕಣಮ್ಮ,” ಎಂದು ನಗುತ್ತಿದ್ದರು. ಗೆಣಸು ತಂದು ಕೆಂಡದಲ್ಲಿ ಹೂಳುವವರು, ಹಸಿ ಕಡಲೆಕಾಯಿ ಸುಟ್ಟು ಹಂಚುವವರು. ಮಕ್ಕಳಿಗೆ ಅಜ್ಜಿ ನೆಲದ ಮೇಲೆ ಕೋಲಿನಿಂದ ಗೆರೆ ಎಳೆದಿದ್ದಳು. ಅದನ್ನು ದಾಟಿದ ಮಗುವಿಗೆ ಆ ದಿನ ಗೆಣಸಿಲ್ಲ.

“ಆ ಹುಡುಗ ಒಳ್ಳೇ ಕೈಯವನು. ಎಷ್ಟು ಹದವಾಗಿ ಉರೀತದೆ ನೋಡು,” ಎಂದು ಅಜ್ಜಿ ನನ್ನ ಕಡೆ ನೋಡದೆ ಹೇಳುತ್ತಿದ್ದಳು. ನಾನು ಗೆಣಸಿನ ಸಿಪ್ಪೆ ಸುಲಿಯುವುದರಲ್ಲಿ ಮಗ್ನಳಾಗುತ್ತಿದ್ದೆ.

ಚಳಿ ಕಳೆದು ಗಾಳಿಯ ದಿನಗಳು ಬಂದವು. ಆ ದಿನಗಳಲ್ಲಿ ನಮ್ಮ ಊರಿನಲ್ಲಿ ಯಾರೂ ಬೆಂಕಿ ಹಚ್ಚುವುದಿಲ್ಲ. ನಮ್ಮದು ಮಾತ್ರ ಉರಿಯುತ್ತಿತ್ತು. ಅಪ್ಪ ಗುಂಡಿಯ ಸುತ್ತಲಿನ ಕಲ್ಲನ್ನು ಇನ್ನಷ್ಟು ಎತ್ತರಕ್ಕೆ ಪೇರಿಸಿ, ಗಾಳಿ ಬರುವ ಕಡೆ ತಗಡು ನಿಲ್ಲಿಸಿದರು. ಆದರೂ ಒಂದು ಮಧ್ಯಾಹ್ನ, ಊಟದ ಹೊತ್ತಿಗೆ, ಸುಳಿಗಾಳಿಯೊಂದು ತಗಡನ್ನು ಎತ್ತಿ ಬಿಸಾಡಿತು. ಕಿಡಿಗಳು ಗೋಡೆ ದಾಟಿದವು. ನಾನು ಊಟಕ್ಕೆ ಬಂದವಳು ಅಜ್ಜಿಯ ಕೂಗು ಕೇಳಿ ಎಂಜಲು ಕೈಯಲ್ಲೇ ಓಡಿದೆ.

ದಸ್ತಗೀರ್ ಸಾಬರ ಅಂಗಳದಲ್ಲಿ ಹೊಲಿದು ಮುಗಿಸಿದ ಹಾಸಿಗೆಗಳನ್ನು ಬಿಸಿಲಿಗೆ ಹಾಕಿದ್ದರು. ಒಂದರ ಅಂಚು ಹೊಗೆಯಾಡುತ್ತಿತ್ತು. ಅದು ಅದೇ ಬೆಂಕಿ, ನೀರಿಗೆ ಬಗ್ಗುವಂಥದ್ದಲ್ಲ. “ಬೇರೆಯವನ್ನೆಲ್ಲ ಒದ್ದೆ ಮಾಡಿ!” ಎಂದು ಸಾಬರು ಕೂಗಿದರು. ಅವರ ಹೆಂಡತಿ ಮತ್ತು ಅವ್ವ ಒದ್ದೆ ಗೋಣಿಗಳನ್ನು ಉಳಿದ ಹಾಸಿಗೆಗಳ ಮೇಲೆ, ಹತ್ತಿ ಕೋಣೆಯ ಬಾಗಿಲಿಗೆ ಹೊದಿಸಿದರು. ನಾನೂ ಸಾಬರೂ ಹೊತ್ತಿಕೊಂಡ ಹಾಸಿಗೆಗೆ ಕಾಯಿ ಕೀಳುವ ದೋಟಿಯ ಕೊಕ್ಕೆ ಹಾಕಿ, ಅವರ ಅಂಗಳದಿಂದ ಬೀದಿಗೆ, ಬೀದಿಯಿಂದ ನಮ್ಮ ಓಣಿಗೆ ಎಳೆದುಕೊಂಡು ಬಂದೆವು. ಬೀದಿಯವರು ದಾರಿಯುದ್ದಕ್ಕೂ ನೆಲಕ್ಕೆ ನೀರು ಚೆಲ್ಲುತ್ತಾ ಮುಂದೆ ಓಡಿದರು. ಹಾಸಿಗೆ ಗುಂಡಿಗೆ ಬಿತ್ತು. ಒಮ್ಮೆ ತೆಂಗಿನ ಮರದೆತ್ತರ ಉರಿ ಎದ್ದು, ಬೆಂಕಿ ಬೆಂಕಿಯ ಜೊತೆ ಸೇರಿ ಮತ್ತೆ ಮೊಣಕಾಲೆತ್ತರಕ್ಕೆ ಇಳಿಯಿತು. ಸಾಬರ ಗಡ್ಡದ ತುದಿ ಸೀದಿತ್ತು. ನನ್ನ ಮುಂಗೈ ಕೂದಲು ಹೋಗಿ ಚರ್ಮ ಕೆಂಪಾಗಿತ್ತು. ಇನ್ಯಾರಿಗೂ ಏನೂ ಆಗಲಿಲ್ಲ.

ಸುಟ್ಟದ್ದು ಒಬ್ಬ ಮದುಮಗಳಿಗಾಗಿ ಹೊಲಿದ ಹಾಸಿಗೆ. ಸಾಬರು ನೀರು ಕುಡಿದು, ಅಪ್ಪನ ಪಕ್ಕ ಕಲ್ಲಿನ ಮೇಲೆ ಕೂತರು.

“ಶಿವನಂಜಪ್ಪೋರೆ, ಈ ಬೆಂಕಿ ಹತ್ರ ಕೂತು ನನ್ನ ಮಂಡಿ ವಾಸಿಯಾಗಿದೆ. ಸುಳ್ಳು ಹೇಳಲ್ಲ,” ಎಂದರು. “ಆದ್ರೆ ಆ ಹುಡುಗನ್ನ ಕರೆಸಿ.”

ಅಪ್ಪ ಮಣ್ಣು ನೋಡುತ್ತಾ, “ಹೋಗಿ ಅವರ ಕಾಲು ಹಿಡೀಬೇಕಾ?” ಎಂದರು.

“ಕಾಲ್ಯಾಕಪ್ಪ ಹಿಡೀತೀರ? ನಾನು ಹೋಗಿ ಕೈ ಹಿಡಿದು ಕರ್ಕೊಂಡು ಬರ್ತೀನಿ,” ಎಂದೆ.

ಹೇಳಿದ ಮೇಲೆ ಆ ಮಾತು ಹೇಗೆ ಕೇಳಿಸಿತೆಂದು ನನಗೇ ಗೊತ್ತಾಯಿತು. ಅಜ್ಜಿ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಆ ದಿನದ ಅಷ್ಟು ಗಾಬರಿಯ ನಡುವೆ ಅಪ್ಪನೂ ನಕ್ಕರು. ಅವರು ನಕ್ಕಿದ್ದೇ ಅಪ್ಪಣೆ ಎಂದುಕೊಂಡು ನಾನು ಮರುದಿನ ಅಂಗಡಿಗೆ ಬೀಗ ಹಾಕಿ ಮೊದಲ ಬಸ್ಸು ಹತ್ತಿದೆ.

ಡೈರಿಯ ಮುಂದೆ ಕ್ಯಾನು ಹಿಡಿದವರ ಸಾಲಿತ್ತು. ಗುರುಮಲ್ಲೇಶ ಬಿಳಿ ಅಂಗಿ ಹಾಕಿಕೊಂಡು ಲ್ಯಾಕ್ಟೋಮೀಟರನ್ನು ಹಾಲಿಗೆ ಇಳಿಬಿಡುತ್ತಿದ್ದ. ನನ್ನನ್ನು ಕಂಡು ಅದನ್ನು ಎತ್ತುವುದನ್ನೇ ಮರೆತ. ಸಾಲಿನಲ್ಲಿದ್ದ ಒಬ್ಬ ಹೆಂಗಸು, “ನೀರು ಹಾಕಿಲ್ಲ ಕಣಪ್ಪ, ಎಷ್ಟೊತ್ತು ನೋಡ್ತೀಯ?” ಎಂದಳು.

“ಬೆಂಕಿ ಇನ್ನೂ ಉರೀತಾ ಇದೆ,” ಎಂದೆ ನಾನು. ಬೇರೆ ಪೀಠಿಕೆ ಹೊಳೆಯಲಿಲ್ಲ.

ಅವನ ಮುಖ ಬಿಳುಚಿಕೊಂಡಿತು. “ಯಾವ್ದು… ಅವತ್ತಿನ್ದಾ?”

“ಅದೇ.”

“ನೀವು ತಮಾಷೆಗೆ ಅಂದ್ರಿ ಅಂದ್ಕೊಂಡಿದ್ದೆ. ಕಾರಲ್ಲಿ ಮಾವನಿಗೆ ಹೇಳ್ದೆ, ಬೆಂಕಿ ಆರಿಸಿಲ್ಲ ಅಂತ. ಅವರ ಮನೇಲಿ ನೀರಿಲ್ವಾ ಅಂದ್ರು. ನನಗೇ ಸಮಾಧಾನ ಆಗಿರಲಿಲ್ಲ. ಫೋನು ಮಾಡೋಣ ಅನ್ಸೋದು, ಯಾವ ಮುಖ ಇಟ್ಕೊಂಡು ಮಾಡ್ಲಿ ಅನ್ಸೋದು.” ಅವನು ನನ್ನ ಕೈ ನೋಡಿದ. “ಇದೇನಾಯ್ತು?”

ಹೇಳಿದೆ. ಅವನು ಲ್ಯಾಕ್ಟೋಮೀಟರನ್ನು ಪಕ್ಕದವನಿಗೆ ಕೊಟ್ಟು, ಕೈ ತೊಳೆದು, ಅಂಗಿಯನ್ನೂ ಬದಲಾಯಿಸದೆ ಹೊರಟ. ಮಾವನಿಗೆ ಹೇಳಬೇಡವೇ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಬಸ್ಸಿನಲ್ಲಿ ಅವನು ಬೆಂಕಿಯ ಬಗ್ಗೆಯೇ ಕೇಳಿದ, ಊರಿನಲ್ಲಿ ಬಿಟ್ಟು ಬಂದ ಮಗುವಿನ ಬಗ್ಗೆ ಕೇಳುವ ಹಾಗೆ. ಏನು ತಿನ್ನುತ್ತದೆ? ಮಳೆ ಬಂದರೆ ಏನು ಮಾಡುತ್ತಿದ್ದಿರಿ? ಯಾರು ಯಾರು ಬರುತ್ತಾರೆ? ನಾನು ಗೆಣಸಿನ ವಿಷಯ, ಸಾಬರ ಮಂಡಿಯ ವಿಷಯ, ಅಜ್ಜಿಯ ಗೆರೆಯ ವಿಷಯ ಹೇಳಿದೆ. ಅಜ್ಜಿ ‘ಒಳ್ಳೇ ಕೈಯವನು’ ಎಂದದ್ದನ್ನು ಮಾತ್ರ ಹೇಳಲಿಲ್ಲ.

ಊರಿಗೆ ಬಂದ ಕೂಡಲೇ ಅವನು ನಮ್ಮ ಮನೆಗಿಂತ ಮೊದಲು ಸಾಬರ ಮನೆಗೆ ಹೋದ. ಬಾಗಿಲಲ್ಲಿ ನಿಂತು, “ನನ್ನಿಂದ ನಿಮ್ಮ ಕೆಲಸ ಹಾಳಾಯ್ತು. ಹತ್ತಿ ನಾನು ತಂದು ಕೊಡ್ತೀನಿ. ಹೊಲಿಯೋವಾಗ ಜೊತೇಲಿ ಕೂತು ಹತ್ತಿ ಬಿಡಿಸ್ತೀನಿ, ಬ್ಯಾಡ ಅನ್ಬೇಡಿ,” ಎಂದ. ಸಾಬರು ಅವನನ್ನು ಮೇಲಿಂದ ಕೆಳಗೆ ನೋಡಿ, “ಹತ್ತಿ ಓಡಿಹೋಗಲ್ಲ ಕಣಪ್ಪ. ಬಾ, ಮೊದ್ಲು ಅದನ್ನ ಮಲಗಿಸು,” ಎಂದು ತಾವೇ ಕರೆದುಕೊಂಡು ಬಂದರು.

ನಮ್ಮ ಹಿತ್ತಲು ಆಗಲೇ ತುಂಬಿತ್ತು. ಅವನು ಕೊಡ ಎತ್ತಿಕೊಂಡಾಗ ಕಡಲೆಕಾಯಿ ಸುಡುತ್ತಿದ್ದವರು ಇನ್ನಿಷ್ಟು ಹೊತ್ತು ಇರಲಿ ಎನ್ನುವ ಹಾಗೆ ಅವನ ಮುಖ ನೋಡಿದರು. ಗಾಳಿ ಮತ್ತೆ ಏಳುವ ಸೂಚನೆಯಿತ್ತು. ಅವನು ಕೊಡವನ್ನು ಒಮ್ಮೆಲೇ ಬೋರಲು ಹಾಕಿದ. ಉರಿ ಅಡಗಿತು, ಹೊಗೆ ತುಂಬಿತು, ತಳದಲ್ಲಿ ಮತ್ತೆ ಕೆಂಪು ಮಿನುಗಿತು.

“ಹಂಗೆ ಸುರಿದು ಓಡಿಹೋಗೋದಲ್ಲಪ್ಪ,” ಎಂದಳು ಅಜ್ಜಿ. “ಕೆದಕು. ಒಂದೊಂದು ಕೊಳ್ಳೀನೂ ಹೊರಳಿಸಿ ಹಾಕು. ಆಮೇಲೆ ಕೈಯಿಟ್ಟು ನೋಡು.”

ಅವನು ಕುಕ್ಕುರುಗಾಲಲ್ಲಿ ಕೂತು ಸಲಾಕೆಯಿಂದ ಕೆದಕಿದ, ಹೊರಳಿಸಿದ, ಚೊಂಬಿನಲ್ಲಿ ನೀರು ಚಿಮುಕಿಸಿದ, ಮತ್ತೆ ಕೆದಕಿದ. ಬಿಳಿ ಅಂಗಿ ಬೂದಿಬಣ್ಣಕ್ಕೆ ತಿರುಗಿತು. ಕೊನೆಗೆ ಅಂಗೈಯನ್ನು ಬೂದಿಯ ಮೇಲೆ ಇಟ್ಟು, “ತಣ್ಣಗಾಗಿದೆ,” ಎಂದ. ಅಷ್ಟು ದಿನ ಬೆಳಕಿದ್ದ ಜಾಗದಲ್ಲಿ ಒಂದು ಕಪ್ಪು ಗುಂಡಿ. ಜನ ಒಬ್ಬೊಬ್ಬರಾಗಿ ತಮ್ಮ ತಮ್ಮ ಗೆಣಸು ಕಟ್ಟಿಕೊಂಡು ಎದ್ದರು. ಅವ್ವ ಅವನಿಗೆ ಮುದ್ದೆ, ಸೊಪ್ಪಿನ ಸಾರು ಬಡಿಸಿದಳು. ಹೊರಡುವಾಗ ಅಪ್ಪ ಬಸ್‌ಸ್ಟ್ಯಾಂಡಿನವರೆಗೆ ಹೋದರು. ದಾರಿಯಲ್ಲಿ ಏನು ಮಾತಾಡಿಕೊಂಡರೋ ನನಗೆ ಇವತ್ತಿಗೂ ಇಬ್ಬರೂ ಹೇಳಿಲ್ಲ.

ಅವನು ಮತ್ತೆ ಬಂದದ್ದು ಹತ್ತಿಯ ಮೂಟೆಯ ಜೊತೆ, ತಾಯಿಯನ್ನೂ ಕರೆದುಕೊಂಡು. ಚನ್ನಂಜಪ್ಪನವರು ಬಂದಿರಲಿಲ್ಲ. ಅವನು ಸಾಬರ ಜಗಲಿಯಲ್ಲಿ ಹತ್ತಿ ಬಿಡಿಸುತ್ತಾ ಕೂತಿದ್ದಾಗ ಅವನ ತಾಯಿ ನಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ಅವ್ವನ ಎದುರು ಕೂತರು.

“ಅವತ್ತು ನಾನು ಮಾತಾಡ್ಬೇಕಿತ್ತು, ಆಡ್ಲಿಲ್ಲ. ಅಣ್ಣನ ಮುಂದೆ ನನಗೆ ಬಾಯಿ ಬರಲ್ಲ,” ಎಂದರು. “ನಿಮ್ಮ ಮಗಳು ಅಂಗಡಿ ಇಟ್ಕೊಳ್ಳಲಿ. ನನ್ನ ಬಿ.ಪಿ. ಮಾತ್ರೆಗೆ ನಾನು ಇನ್ನೊಬ್ಬರನ್ನ ಕಾಡೋದು ತಪ್ಪುತ್ತೆ.”

ಅವ್ವ ನನ್ನ ಕಡೆ ನೋಡಿದಳು. ನಾನು ಸೀಯುತ್ತಿದ್ದ ಒಗ್ಗರಣೆಯನ್ನು ಒಲೆಯಿಂದ ಇಳಿಸಿ, ಹೂಂ ಎಂದೆ.

ಮದುವೆಯಾದ ಮೇಲೆ ಗುರುಮಲ್ಲೇಶ ನಮ್ಮ ಊರಿನ ಡೈರಿಗೆ ವರ್ಗ ಮಾಡಿಸಿಕೊಂಡು ಬಂದ. ಎರಡು ಬೀದಿಯಾಚೆ ಮನೆ ಮಾಡಿದೆವು, ಅತ್ತೆಯೂ ನಮ್ಮ ಜೊತೆಗೇ ಬಂದರು. ಚಳಿ ತಿರುಗಿ ಬಂದಾಗ ನಮ್ಮ ಹಿತ್ತಲಿನ ಹೊಸ ಗುಂಡಿಯಲ್ಲಿ ಮೊದಲ ಬೆಂಕಿ ಯಾರು ಹಚ್ಚಬೇಕು ಎಂಬ ಮಾತು ಬಂತು. ಅವನು ನೀನು ಎಂದ, ನಾನು ನೀವು ಎಂದೆ. ನೋಡಲು ಬಂದು ಕೂತಿದ್ದ ಅಜ್ಜಿಗೆ ಬೇಸರವಾಗಿ, “ಇಬ್ರೂ ಒಂದೇ ಕಡ್ಡಿ ಹಿಡಿದು ಹಚ್ಚಿ, ಅತ್ಲಾಗೆ,” ಎಂದಳು. ಊರಿನಲ್ಲಿ ಹಾಗೆ ಯಾರೂ ಮಾಡಿದ್ದಿಲ್ಲ. ಹಚ್ಚಿದೆವು. ಆ ಸಂಜೆ ಅವನೊಬ್ಬನೇ ಆರಿಸಲು ಹೋದ, ಆರಲಿಲ್ಲ. ನಾನೊಬ್ಬಳೇ ನೋಡಿದೆ, ಆರಲಿಲ್ಲ. ಇಬ್ಬರೂ ಕೊಡದ ಒಂದೊಂದು ಕಡೆ ಹಿಡಿದು ನೀರೆರೆದಾಗ ತೆಪ್ಪಗೆ ಮಲಗಿತು. ಅಂದಿನಿಂದ ಅದೇ ಅಭ್ಯಾಸವಾಯಿತು.

ಮೊನ್ನೆ ನಮ್ಮಿಬ್ಬರಿಗೆ ಜಗಳವಾಯಿತು. ಚನ್ನಂಜಪ್ಪನವರ ಮೊಮ್ಮಗನ ನಾಮಕರಣಕ್ಕೆ ಹೋಗಬೇಕೋ ಬೇಡವೋ ಎಂಬ ವಿಷಯ. ಬೆಂಕಿ ಹಚ್ಚಿ ಕೂತಿದ್ದಾಗಲೇ ಮಾತಿಗೆ ಮಾತು ಬೆಳೆದು ಅವನು ಎದ್ದು ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡ. ನಾನೂ ಕರೆಯಲಿಲ್ಲ. ಬೆಂಕಿಯ ಪಕ್ಕ ಒಬ್ಬಳೇ ಕೂತೆ. ಊಟದ ಹೊತ್ತಾಯಿತು, ಅತ್ತೆ ಬಡಿಸಿಟ್ಟು ತಾವು ಉಂಡರು. ನಾನು ಏಳುವ ಹಾಗಿಲ್ಲ, ಅವನು ಮಲಗುವ ಹಾಗಿಲ್ಲ. ಕೊನೆಗೆ ಕೋಣೆಯ ಕಿಟಕಿ ತೆರೆದುಕೊಂಡಿತು.

“ಕೊಡ ತುಂಬಿಸಿದ್ದೀಯಾ?” ಎಂದ, ಇನ್ನೂ ಸಿಟ್ಟಿನಲ್ಲೇ.

“ತುಂಬಿಸಿದ್ದೀನಿ.”

“ಬರ್ತೀನಿ. ಹಾಗಂತ ನಾನು ಸೋತೆ ಅಂತಲ್ಲ.”

“ಸರಿ,” ಎಂದೆ. “ಬರೋವಾಗ ನಿಮ್ಮ ತಟ್ಟೇನೂ ತನ್ನಿ. ಇಬ್ರೂ ಇಲ್ಲೇ ಉಂಡು, ಆಮೇಲೆ ಆರಿಸೋಣ.”

ಅವನು ಎರಡು ತಟ್ಟೆ ತಂದ.